ಗಬ್ಬೂರಾಕಿಯ ತವರು

ನಮ್ಮ ಕಡೆ ಹೆಣ್ಣು ಗಂಡನ ಊರಿಗೆ ಕಾಲಿಟ್ಟಳೆಂದರೆ ಅವಳ ಹೆಸರು ಅಲ್ಲಿಗೆ ಮುಗಿಯಿತು. ಯಾವ ಊರಿನಿಂದ ಬಂದಳೋ ಆ ಊರಿನವಳಾಗಿ ಬಾಳುತ್ತಾಳೆ, ಆ ಊರಿನವಳಾಗಿಯೇ ಸಾಯುತ್ತಾಳೆ. ಮಾನವಿಯಿಂದ ಬಂದವಳು ಮಾನವಿಯಾಕಿ, ಸಿರವಾರದಿಂದ ಬಂದವಳು ಸಿರವಾರದಾಕಿ. ನನ್ನ ಅಪ್ಪನ ತಾಯಿ ಬಾಗಲವಾಡದ ನಮ್ಮ ಕೇರಿಯಲ್ಲಿ ಗಬ್ಬೂರಾಕಿ. ಬಾವಿಯ ಹತ್ತಿರ, ಹೊಲದಲ್ಲಿ, ಜಗಳದಲ್ಲಿ, ಎಲ್ಲೆಲ್ಲೂ ಅವಳು ಗಬ್ಬೂರಾಕಿಯೇ.

ಸತ್ತಾಗಲೂ ಆ ಊರು ಬೇಕು. ಹೆಣ್ಣಿನ ಹೆಣಕ್ಕೆ ಗಂಡನ ಮನೆಯವರು ಎಷ್ಟೇ ಒಳ್ಳೆಯ ಸೀರೆ ಹೊದಿಸಲಿ, ಅದರ ಮೇಲೆ ತವರಿನ ಸೀರೆ ಬೀಳುವವರೆಗೆ ಎತ್ತುವಂತಿಲ್ಲ. ಅಣ್ಣನೋ ತಮ್ಮನೋ ತರಬೇಕು, ಅವರಿಲ್ಲದಿದ್ದರೆ ಅವರ ಮಕ್ಕಳು. ತವರಿನ ಸೀರೆ ಇಲ್ಲದೆ ಮಣ್ಣಿಗೆ ಹೋದವಳನ್ನು ಬತ್ತಲೆ ಹೋದಳು ಎನ್ನುತ್ತಾರೆ, ಮೈತುಂಬ ಬಟ್ಟೆಯಿದ್ದರೂ. ಈ ಮಾತು ಕೇಳಿದಾಗಲೆಲ್ಲ ನನಗೆ ಮೈಯುರಿಯುತ್ತಿತ್ತು. ಬದುಕಿದ್ದಾಗ ಅವಳು ಉಟ್ಟ ಹರಕನ್ನು ಯಾರೂ ತಿರುಗಿ ನೋಡಿರುವುದಿಲ್ಲ, ಸತ್ತ ಮೇಲೆ ಎಲ್ಲರಿಗೂ ಅವಳ ಮಾನದ ಚಿಂತೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಅಪ್ಪ ನಮ್ಮನ್ನೆಲ್ಲ ಕರೆದುಕೊಂಡು ಬಾಗಲವಾಡ ಬಿಟ್ಟು, ರಾಯಚೂರಿನ ಕಾಳಿನ ಮಾರುಕಟ್ಟೆಯಾದ ಗಂಜಿನಲ್ಲಿ ಹಮಾಲಿ ಮಾಡಲು ಬಂದು ಬಹಳ ವರ್ಷವಾಗಿತ್ತು. ನನಗೆ ದೇವದುರ್ಗದ ಒಂದು ಪ್ರಾಥಮಿಕ ಶಾಲೆಯಲ್ಲಿ ಕೆಲಸ ಸಿಕ್ಕಿ, ಅಲ್ಲೇ ಒಂದು ಕೋಣೆ ಹಿಡಿದಿದ್ದೆ. ರಜೆ ಬಂದರೆ ರಾಯಚೂರಿನ ಬಸ್ಸು. ಹಾಗೆ ಬಂದ ಒಂದು ಶನಿವಾರ ಅಜ್ಜಿ ನಳದ ಹತ್ತಿರ ಜಾರಿಬಿದ್ದು ಸೊಂಟ ಮುರಿದುಕೊಂಡಿದ್ದಳು. ಈ ವಯಸ್ಸಿನಲ್ಲಿ ಎಲುಬು ಕೂಡುವುದಿಲ್ಲ, ಮನೆಯಲ್ಲಿಟ್ಟು ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದರು. ಅದರರ್ಥ ಏನೆಂದು ಅಪ್ಪನಿಗೂ ತಿಳಿಯಿತು, ನನಗೂ ತಿಳಿಯಿತು.

ಅಪ್ಪ ನನ್ನನ್ನು ಹೊರಗೆ ಕರೆದು, ದನಿ ತಗ್ಗಿಸಿ ಹೇಳಿದ: "ಗಬ್ಬೂರು ನಿನ್ನ ಬಸ್ಸಿನ ದಾರ್ಯಾಗ ಅದ. ಇಳಿದು ಆಕಿ ತವರುಮನಿ ಯಾವುದು ನೋಡಿ ಬಾರವ್ವ. ಈಗ ಹೇಳಿಟ್ರ ಆಗ ಸೀರಿ ಬರ್ತದ."

"ನಿನಗ ಗೊತ್ತಿಲ್ಲೇನು, ನಿಮ್ಮವ್ವನ ತವರು?"

"ನಾ ಹೆಂಗ ನೋಡ್ಲಿ? ಆಕಿ ಒಂದಿನಾನೂ ಕರ್ಕೊಂಡು ಹೋಗಿಲ್ಲ."

ನಿಜ. ನಾಗರ ಪಂಚಮಿಗೆ ಕೇರಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಹೋದರೆ ಅಜ್ಜಿ ಒಬ್ಬಳೇ ಮನೆಯಲ್ಲಿರುತ್ತಿದ್ದಳು. ನನಗೆ ಬುದ್ಧಿ ಬಂದಾಗಿನಿಂದ ಗಬ್ಬೂರಿನ ಒಂದು ನರಪಿಳ್ಳೆ ನಮ್ಮ ಹೊಸ್ತಿಲು ತುಳಿದಿರಲಿಲ್ಲ. ಕೇಳಿದರೆ ಅಜ್ಜಿ ಬಾಯಿ ಹೊಲಿದುಕೊಂಡುಬಿಡುತ್ತಿದ್ದಳು. ಹಳೆಯ ಜಗಳ ಇರಬೇಕು ಎಂದುಕೊಂಡು ನಾವೂ ಸುಮ್ಮನಾಗಿದ್ದೆವು.

ಗಬ್ಬೂರು ದೊಡ್ಡ ಊರು. ನಮ್ಮ ಕೇರಿಯೂ ದೊಡ್ಡದೇ. ಬಾಗಲವಾಡಕ್ಕೆ ಕೊಟ್ಟ ಹೆಣ್ಣು ಯಾರ ಮನೆಯದು ಎಂದು ಕೇಳುತ್ತ ಹೋದರೆ, ಪ್ರತಿಯೊಬ್ಬರೂ ಮೊದಲು ನೀನು ಯಾರ ಮಗಳು, ನಿಮ್ಮಪ್ಪ ಯಾರು, ಮುತ್ಯಾ ಯಾರು ಎಂದು ನನ್ನನ್ನೇ ಕೇಳುತ್ತಿದ್ದರು. ನಾನು ಗಂಡಸರ ಹೆಸರು ಹೇಳುತ್ತಿದ್ದೆ, ಅವರು ತಲೆಯಾಡಿಸುತ್ತಿದ್ದರು. ಒಮ್ಮೆ ಊರೊಳಗೆ ಒಕ್ಕಲಿನವರ ಮನೆಯ ಮುಂದೆ ಹೆಳವ ಎತ್ತು ನಿಲ್ಲಿಸಿಕೊಂಡು ಆ ಮನೆಯ ವಂಶ ಹೇಳುತ್ತಿದ್ದ. ಅವನ ಮಗ ಇವನು, ಇವನ ಮಗ ಅವನು ಎಂದು ನಾಲಿಗೆ ತಡವರಿಸದೆ ಹೇಳುವುದನ್ನು ದೂರದಲ್ಲಿ ನಿಂತು ಕೇಳಿದೆ. ಮುಗಿದ ಮೇಲೆ, ಹೆಣ್ಣುಮಕ್ಕಳು ಎಲ್ಲಿ ಹೋದರು ಎಂದು ಕೇಳಿದೆ. "ಕೊಟ್ಟ ಹೆಣ್ಣು ನಮ್ಮ ಲೆಕ್ಕದಾಗ ಬರಂಗಿಲ್ಲವ್ವ," ಎಂದ. ಮುಂದಿನ ಮಾತು ಯಾವ ಕೇರಿ ನಿಮ್ಮದು ಎಂಬುದು. ಹೇಳಿದೆ. ಎತ್ತಿನ ಹಗ್ಗ ಬಿಚ್ಚಿಕೊಂಡು ಹೊರಟ.

ಹಲವು ಸಲ ಬಸ್ಸಿಳಿದು ಅಲೆದ ಮೇಲೆ ಆ ಮನೆ ಸಿಕ್ಕಿತು. ಒಬ್ಬ ಮುದುಕ ಜಗುಲಿಯ ಮೇಲೆ ಪುಂಡಿನಾರಿನ ಹಗ್ಗ ಹೊಸೆಯುತ್ತ ಕೂತಿದ್ದ. ಬಾಗಲವಾಡಕ್ಕೆ ಕೊಟ್ಟವಳು ತನ್ನ ಅಕ್ಕ ಎಂದ. ನನಗಾದ ಖುಷಿಗೆ ಅವನ ಪಕ್ಕದಲ್ಲೇ ಕುಳಿತುಬಿಟ್ಟೆ.

"ನಾ ಆಕಿ ಮಮ್ಮಗಳು ಮುತ್ಯಾ," ಎಂದೆ.

ಅವನು ಹಗ್ಗ ಕೆಳಗಿಟ್ಟ. "ಹೆಂಗವ್ವ? ನಮ್ಮಕ್ಕ ಚೊಚ್ಚಲ ಬಾಣಂತನದಾಗೇ ಸತ್ತಾಳ. ಕೂಸೂ ಉಳೀಲಿಲ್ಲ. ನಾ ಆಗ ಇನ್ನೂ ಬರಿಮೈಲೆ ತಿರಗತಿದ್ದೆ."

ಬಿಸಿಲಿಗೆ ಅವನ ತಲೆ ಕೆಟ್ಟಿದೆ ಎಂದುಕೊಂಡೆ. ನಮ್ಮಜ್ಜಿ ರಾಯಚೂರಿನಲ್ಲಿ ಬದುಕಿದ್ದಾಳೆ ಎಂದು ಜೋರು ಮಾಡಿದೆ. ಅವನು ಮೆಲ್ಲಗೆ ಕೇಳಿದ: "ಆಕಿ ಕೊಳ್ಳಾಗ ಬೆಳ್ಳಿ ತಗಡು ಅದ ಏನವ್ವ?"

ಇತ್ತು. ಕಪ್ಪು ದಾರದಲ್ಲಿ ಬೆರಳುಗುರಿನಷ್ಟು ಅಗಲದ ಬೆಳ್ಳಿ ತಗಡು, ಅದರ ಮೇಲೆ ಸವೆದುಹೋದ ಒಂದು ಹೆಣ್ಣುಗೊಂಬೆ. ಗಂಡ ಸತ್ತು ತಾಳಿ ತೆಗೆದ ಮೇಲೂ ಅದನ್ನು ತೆಗೆದಿರಲಿಲ್ಲ. ಉಣ್ಣುವ ಮೊದಲು ತುತ್ತನ್ನು ಅದಕ್ಕೆ ತೋರಿಸಿಯೇ ಬಾಯಿಗಿಡುತ್ತಿದ್ದಳು, ಹೊಸ ಸೀರೆ ಬಂದರೆ ಸೆರಗನ್ನು ಅದಕ್ಕೆ ಮುಟ್ಟಿಸಿಯೇ ಉಡುತ್ತಿದ್ದಳು. ಯಾವುದೋ ಅಮ್ಮನ ತಗಡು ಎಂದು ನಾವು ತಿಳಿದಿದ್ದೆವು. ಅದು ದೇವರಲ್ಲ, ಸವತಿ ಎಂದು ಮುದುಕ ಬಿಡಿಸಿ ಹೇಳಿದ. ಮೊದಲ ಹೆಂಡತಿ ಸತ್ತ ಗಂಡಿಗೆ ಹೆಣ್ಣು ಕೊಟ್ಟರೆ, ಸತ್ತವಳು ಬಂದು ಕಾಡಬಾರದೆಂದು ಅವಳ ಗೊಂಬೆಯನ್ನು ಹೊಸಬಳ ಕೊರಳಿಗೆ ಕಟ್ಟುತ್ತಾರೆ. ಸತ್ತವಳ ಹೆಸರು ಇವಳದಾಗುತ್ತದೆ, ಸತ್ತವಳ ತವರು ಇವಳದಾಗುತ್ತದೆ. ಸತ್ತವಳೇ ತಿರುಗಿ ಬಂದಳು ಎಂದು ಊರು ನಂಬುತ್ತದೆ.

ಅಂದರೆ ನಾನು ಇಷ್ಟು ದಿನ ಬಿಸಿಲಲ್ಲಿ ಹುಡುಕಿದ್ದು ಸತ್ತವಳ ತವರನ್ನು. ಗಬ್ಬೂರಾಕಿ ಎಂಬವಳು ನಮ್ಮಪ್ಪ ಹುಟ್ಟುವ ಮೊದಲೇ ಮಣ್ಣಾಗಿದ್ದಳು.

ಮುದುಕ ಒಳ್ಳೆಯ ಮನುಷ್ಯ. "ಆಕಿನೂ ನಮಗ ಅಕ್ಕನೇ ಅಲ್ಲೇನವ್ವ. ಮೊದಲ ನಾಕು ವರ್ಷ ನಮ್ಮವ್ವ ಪಂಚಮಿಗಿ ಕುಪ್ಪಸ ಕಳಿಸ್ಯಾಳ. ಆಮ್ಯಾಲ ಬಿಟ್ಟುಹೋತು. ಸುದ್ದಿ ಕಳಸ್ರಿ, ಸೀರಿ ತರ್ತೀವಿ," ಎಂದ. ಕೈಮುಗಿದು ಎದ್ದೆ. ದೇವದುರ್ಗದ ಬಸ್ಸು ಹತ್ತಿದೆ.

ಮುಂದಿನ ವಾರ ರಾಯಚೂರಿಗೆ ಬಂದು ಹೇಳಿದಾಗ ಅಪ್ಪ ನಿರಾಳನಾದ. "ಮತ್ತೇನು, ಸೀರಿ ಬರ್ತದಲ್ಲ," ಎಂದು ಹೆಗಲಿಗೆ ಟವೆಲು ಹಾಕಿಕೊಂಡು ಗಂಜಿಗೆ ಹೋದ. ಅಜ್ಜಿ ಮಲಗಿದಲ್ಲಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು. ಅವನ ಹೆಜ್ಜೆ ದೂರವಾದ ಮೇಲೆ ನನ್ನ ಮಣಿಕಟ್ಟು ಹಿಡಿದಳು. ಆ ಮೈಯಲ್ಲಿ ಅಷ್ಟು ಬಲ ಉಳಿದಿದೆ ಎಂದು ನನಗೆ ಗೊತ್ತಿರಲಿಲ್ಲ.

"ಗಬ್ಬೂರ ಸೀರಿ ನನಗ ಹಾಕಬ್ಯಾಡ್ರಿ."

"ಯಾಕವ್ವ?"

"ಆಕಿ ಹೆಸರಿಲೆ ಬಂದೆ. ಆಕಿಗಿ ತೋರ್ಸಿ ಉಂಡೆ, ಆಕಿಗಿ ಮುಟ್ಸಿ ಉಟ್ಟೆ. ಹೋಗಾಗಾದ್ರೂ ನಾ ನಾನಾಗಿ ಹೋಗ್ತೀನಿ. ನಮ್ಮವ್ವನ ಮನಿ ಸೀರಿ ತಂದು ಹಾಕ್ರಿ."

ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ. ತವರಿನ ಹೆಸರೆತ್ತಿದರೆ ಹಿರೇಕಿ ಮುನಿಸಿಕೊಂಡು ನಿನ್ನ ಮಕ್ಕಳನ್ನು ಒಯ್ಯುತ್ತಾಳೆ ಎಂದು ಅತ್ತೆ ಹೇಳಿದ್ದಳಂತೆ. ಹಿರೇಕಿ ಎಂದರೆ ಕೊರಳಲ್ಲಿದ್ದವಳು. ಅಜ್ಜಿ ಒಂದು ಸಲ ಹಟ ಮಾಡಿ ತವರಿಗೆ ಹೋಗುತ್ತೇನೆ ಎಂದಿದ್ದಳು, ಆ ವರ್ಷವೇ ಮೊದಲ ಕೂಸು ಹೋಯಿತು. ಆಮೇಲೆ ಎರಡನೆಯದೂ ಹೋಯಿತು. "ನಿಮ್ಮಪ್ಪ ಉಳಿದಿದ್ದು ನಾ ಬಾಯಿ ಮುಚ್ಕೊಂಡಿದ್ದಕ್ಕ," ಎಂದಳು. ಮಕ್ಕಳು ಜ್ವರಕ್ಕೆ ಸತ್ತಿರುತ್ತಾರೆ, ಹಸಿವಿಗೆ ಸತ್ತಿರುತ್ತಾರೆ ಎಂದು ವಾದಿಸುವ ಹುಕಿ ಬಂತು. ಅವಳ ಕಣ್ಣು ನೋಡಿ ಆ ಮಾತು ಬಿಟ್ಟೆ.

"ನಿಮ್ಮೂರು ಯಾವುದು ಹೇಳು, ನಾಳೆನೇ ಹೋಗ್ತೀನಿ," ಎಂದೆ.

ಅವಳಿಗೆ ಗೊತ್ತಿರಲಿಲ್ಲ. ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ಬಂದವಳು, ಹೆಸರೆತ್ತಬೇಡ ಎಂದು ಹೊಡೆಸಿಕೊಂಡವಳು. "ಅನ್ನದೇ ಅನ್ನದೇ ಮರ್ತುಹೋತವ್ವ," ಎಂದಳು. ಊರ ಹೆಸರಷ್ಟೇ ಅಲ್ಲ, ಹುಟ್ಟಿದಾಗ ಇಟ್ಟ ಹೆಸರೂ. ನೆನಪಿದ್ದದ್ದು ಬಂಡಿ, ಕಿವಿ ಕಿತ್ತುಹೋಗುವ ಹಾಗೆ ಬಾರಿಸುತ್ತಿದ್ದ ಹಲಗೆ, ಮುಚ್ಚಿದ ಬಾಗಿಲು. "ಎಲ್ಲಾರ ಅವ್ವಗೋಳು ಬಂಡಿ ತನಕ ಬಂದು ಕಳಸ್ತಾರ. ನಮ್ಮವ್ವ ಬಾಗಲಾ ಹಾಕ್ಕೊಂಡ್ಳು. ಒಳಗಿಂದ ಬರ್ಲೇ ಇಲ್ಲ." ಇದನ್ನು ಹೇಳುವಾಗ ಅವಳ ದನಿಯಲ್ಲಿ ಎಪ್ಪತ್ತರ ಮುದುಕಿ ಇರಲಿಲ್ಲ.

ದಾರಿ ಅಲ್ಲಿಗೆ ನಿಂತಿತು. ಊರಿಲ್ಲ, ಹೆಸರಿಲ್ಲ, ಅಪ್ಪ ಯಾರೆಂದು ತಿಳಿಯದು. ಬಾಗಲವಾಡದಲ್ಲಿ ಆ ಕಾಲದವರು ಒಬ್ಬರೂ ಉಳಿದಿರಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸುತ್ತ ಕೂತಾಗಲೂ ಇದೇ ಯೋಚನೆ. ಒಬ್ಬ ಹೆಂಗಸನ್ನು ಇಷ್ಟು ಚೊಕ್ಕಟವಾಗಿ ಅಳಿಸಿಹಾಕಿದ್ದಾರಲ್ಲ.

ಆಗ ತಂಗಡಿ ಗಿಡ ನೆನಪಾಯಿತು. ನಾನು ಸಣ್ಣವಳಿದ್ದಾಗ, ಎಪ್ಪತ್ತನೇ ಇಸವಿಯ ಸುಮಾರಿಗೆ, ಬಾಗಲವಾಡದ ಬೀಳು ಹೊಲಗಳಲ್ಲಿ ಅಜ್ಜಿಯ ಜೊತೆ ಕಟ್ಟಿಗೆ ಆರಿಸಲು ಹೋಗುತ್ತಿದ್ದೆ. ಹಳದಿ ಹೂವಿನ ತಂಗಡಿ ಅಲ್ಲಿ ಬೇಕಾದಷ್ಟು. ಒಣಗಿದ ಒಂದು ಹೊರೆ ಕಿತ್ತು ತಂದೆ. ಅಜ್ಜಿ ನನ್ನ ಬೆನ್ನಿಗೆ ಒಂದು ಬಾರಿಸಿ, ಆ ಹೊರೆಯನ್ನು ತಿರುಗಿ ಒಯ್ದು ಗಿಡದ ಬುಡಕ್ಕೆ ಇಟ್ಟು ಬಂದಿದ್ದಳು. ನಮ್ಮ ಅವ್ವ ಅದನ್ನು ಒಲೆಗೆ ಹಾಕುತ್ತಿದ್ದಳು, ಕೇರಿಯೆಲ್ಲ ಹಾಕುತ್ತಿತ್ತು. ಅಜ್ಜಿ ಮಾತ್ರ ಮುಟ್ಟುತ್ತಿರಲಿಲ್ಲ. ಮುದುಕಿಯ ಹುಚ್ಚು ಎಂದು ನಗುತ್ತಿದ್ದೆವು. ಈಗ ಕೇಳಿದೆ. "ನಮ್ಮವ್ವ ಒಲಿಗಿ ಹಾಕ್ತಿದ್ದಿಲ್ಲ," ಎಂದಳು.

ಅದು ಬೆಡಗು, ವಂಶದ ಗುರುತು. ನಮ್ಮಲ್ಲಿ ಒಂದೊಂದು ಬೆಡಗಿನವರು ಒಂದೊಂದನ್ನು ಮುಟ್ಟುವುದಿಲ್ಲ. ಒಬ್ಬರು ಒಂದು ಗಿಡ ಸುಡುವುದಿಲ್ಲ, ಇನ್ನೊಬ್ಬರು ಒಂದು ಕಾಯಿ ತಿನ್ನುವುದಿಲ್ಲ. ಮದುವೆಯಾದ ಹೆಣ್ಣು ತವರಿನ ಬೆಡಗು ಬಿಟ್ಟು ಗಂಡನದನ್ನು ಹಿಡಿಯಬೇಕು. ಹೆಸರು, ಊರು ಎಲ್ಲ ಕಿತ್ತುಕೊಂಡವರು ಈಕೆಯ ಒಲೆಯೊಳಗೆ ಏನು ಉರಿಯುವುದಿಲ್ಲ ಎಂದು ನೋಡಲು ಮರೆತಿದ್ದರು. ಗಂಡಸರ ಹೆಸರು ಹಿಡಿದು ಹುಡುಕುವುದನ್ನು ಬಿಟ್ಟು, ಯಾರ ಮನೆಯಲ್ಲಿ ತಂಗಡಿ ಸುಡುವುದಿಲ್ಲ ಎಂದು ಹುಡುಕಬೇಕು ಎಂದುಕೊಂಡೆ.

ಅಪ್ಪನಿಗೆ ಇದು ಸೇರಲಿಲ್ಲ. "ಸತ್ತೋರ ಸಿಟ್ಟು ಯಾಕ ಬೇಕವ್ವ, ನಿನಗೂ ಮುಂದ ಮಕ್ಕಳು ಮರಿ ಆಗಬೇಕು," ಎಂದ. ನಾನು ಬಾಯಿಗೆ ಬಂದಂತೆ ಬೈದೆ. ಬೈಸಿಕೊಂಡವನು ಮರುದಿನವೇ ಗಂಜಿನಲ್ಲಿ ಕೇಳತೊಡಗಿದ. ಹಮಾಲರು ಸುತ್ತಲಿನ ಎಲ್ಲ ಹಳ್ಳಿಯವರು. ಮೊದಲು ಮಾನವಿ ದಾರಿಯ ಒಂದು ಊರಿನ ಸುದ್ದಿ ಬಂತು. ಹೋದೆ. ತಂಗಡಿ ಸುಡದ ಮನೆ ಹೌದು, ಆದರೆ ಹೆಣ್ಣನ್ನು ಬಾಗಲವಾಡಕ್ಕೆ ಕೊಟ್ಟವರಲ್ಲ. ದೇವದುರ್ಗದ ಹತ್ತಿರ ಇನ್ನೊಂದು ಮನೆ ಸಿಕ್ಕಿತು. ಆಸ್ತಿಯಲ್ಲಿ ಪಾಲು ಕೇಳಲು ಬಂದಿದ್ದೇನೆಂದು ಆ ಮನೆಯವರು ನೀರು ಕೂಡ ಕೊಡಲಿಲ್ಲ. ಒಂದು ಗುಡಿಸಲು, ಒಂದು ಆಡು, ಅದರಲ್ಲಿ ಪಾಲು. ಅಷ್ಟರಲ್ಲಿ ಅಜ್ಜಿಯ ಬೆನ್ನಿಗೆ ಹುಣ್ಣಾಗಿತ್ತು, ಗಂಜಿ ಕೂಡ ಇಳಿಯುತ್ತಿರಲಿಲ್ಲ. ನಾನು ಬಂದಾಗಲೆಲ್ಲ ಬಾಗಿಲ ಕಡೆ ನೋಡಿ, "ಸಿಕ್ತೇನು?" ಎನ್ನುತ್ತಿದ್ದಳು.

ಗಂಜಿನಲ್ಲಿ ಕಾಳು ಹಸನು ಮಾಡುವ ಹೆಂಗಸೊಬ್ಬಳು ಯರಗೇರಾದ ಒಂದು ಮನೆ ಹೇಳಿದಳು. ರಾಯಚೂರಿನಿಂದ ಬಸ್ಸು ಹತ್ತಿದರೆ ಕೂತ ಸೀಟು ಬೆಚ್ಚಗಾಗುವಷ್ಟರಲ್ಲಿ ಇಳಿಯಬೇಕು, ಅಷ್ಟು ಹತ್ತಿರ. ಕೇರಿಯ ಕೊನೆಯ ಮನೆ. ಕಣ್ಣು ಮಂಜಾದ ಮುದುಕಿಯೊಬ್ಬಳು ಬಾಗಿಲಲ್ಲಿ ಕೂತಿದ್ದಳು, ಆ ಮನೆಯ ಸೊಸೆಯಾಗಿ ಬಂದವಳು. ಬಾಗಲವಾಡ ಎಂದ ಕೂಡಲೇ ನನ್ನ ಮುಖ ತಡವಿದಳು.

"ಸತ್ತಾಕಿ ಮ್ಯಾಲ ಕೊಟ್ಟ ಹುಡುಗಿ ಕುಲದಾಕೇನು ನೀ?"

ಹೌದೆಂದೆ. ಆ ಹುಡುಗಿಯ ಅಣ್ಣ ಇವಳ ಗಂಡ, ಸತ್ತು ವರ್ಷಗಳಾಗಿದ್ದವು. ಹುಡುಗಿಯನ್ನು ಇವಳು ನೋಡಿದವಳಲ್ಲ, ಎಲ್ಲ ಅತ್ತೆಯ ಬಾಯಿಂದ ಕೇಳಿದ್ದು. ಅತ್ತೆ ಎಂದರೆ ನಮ್ಮಜ್ಜಿಯ ತಾಯಿ.

"ನಮ್ಮತ್ತಿಗಿ ಕೊಡಾಕ ಮನಸಿದ್ದಿಲ್ಲ," ಎಂದಳು. "ಸತ್ತಾಕಿ ಹೆಸರಿಲೆ ಬದುಕಂದ್ರ ಅದೇನು ಬದುಕು ಅಂತ ಬಡಕೊಂಡ್ಳಂತ. ಮಾವ ಕೇಳಲಿಲ್ಲ. ಕಳಿಸೋ ದಿನ ನಮ್ಮತ್ತಿ ಏನು ಮಾಡಿದ್ಳು ಗೊತ್ತೇನು? ಸತ್ತೋರಿಗಿ ಹಾಕೋ ಸೀರಿ ತಂದು ಹುಡುಗಿ ತಲಿ ಮ್ಯಾಲಿಂದ ಹೊಚ್ಚಿದ್ಳು. ನನ್ನ ಮಗಳು ಇವತ್ತಿಗಿ ಸತ್ಳು, ಈಗೇ ಕಡೀ ಸೀರಿ ಕೊಟ್ಟೀನಿ ಅಂದ್ಳು. ಹುಡುಗಿ ಹೆಸರು ಹಿಡಿದು ಹೆಣದ ಮುಂದ ಅತ್ತಂಗ ಅತ್ಳು. ಮದಿವಿ ಮನ್ಯಾಗ ಸಾವಿನ ಅಳು! ಮಾವ ಆಕಿನ್ನ ಒಳಗ ದಬ್ಬಿ ಬಾಗಲಾ ಎಳಕೊಂಡ. ಅಳು ಕೇಳಬಾರದು ಅಂತ ಹಲಗಿ ಜೋರ್ ಬಾರಸ್ರಿ ಅಂದ."

ಬೀಗರು ಸಿಟ್ಟಾಗಿ, ಈ ಮನೆಯವರು ಇನ್ನು ನಮ್ಮೂರಿಗೆ ಕಾಲಿಡಬಾರದು ಎಂದು ಹೇಳಿ ಬಂಡಿ ಹೊಡೆದರಂತೆ. ಆ ತಾಯಿ ಸಾಯುವವರೆಗೂ ಪಂಚಮಿಯ ಸಿಹಿ ಉಂಡಿ ಕಟ್ಟಲಿಲ್ಲವಂತೆ.

ಹುಡುಗಿಯ ಹೆಸರು ಕೇಳಿದೆ. ಮುದುಕಿ ಹೇಳಿದಳು. ಆಮೇಲೆ, ಸೀರೆ ತರಲು ಯಾರನ್ನಾದರೂ ಕಳಿಸುತ್ತೀರಾ ಎಂದು ಕೇಳಿದೆ. ಅವಳ ಮುಖ ಬಿಗಿಯಿತು.

"ಕೊಟ್ಟೀವಲ್ಲವ್ವ. ಒಬ್ಬಾಕಿಗಿ ಎರಡು ಸಲ ಕೊಡಂಗಿಲ್ಲ. ಕೊಟ್ರ ಈ ಮನ್ಯಾಗ ಇನ್ನೊಂದು ಹೆಣ್ಣು ಹೋಗ್ತದ."

ಒಳಗೆ ಅವಳ ಮೊಮ್ಮಗಳು ಹಸುಗೂಸನ್ನು ತೂಗುತ್ತಿದ್ದಳು. ಒಂದು ಸೀರೆಗೆ ಇಷ್ಟು ಲೆಕ್ಕವೇ ಎಂದು ಕೂಗಾಡಿದೆ. ಅತ್ತುಬಿಟ್ಟೆ, ಯಾಕಾದರೂ ಬಂದೆನೋ ಎಂದೂ ಅಂದೆ. ಮುದುಕಿ ನನ್ನನ್ನು ಬೈಯಲಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ಅಳುತ್ತಲೇ ತಿಂದೆ.

ಬರಿಗೈಲಿ ಮನೆಗೆ ಬಂದೆ. ಸುಳ್ಳು ಹೇಳೋಣ, ಪೇಟೆಯಲ್ಲಿ ಒಂದು ಸೀರೆ ಕೊಂಡು ತವರಿನದು ಎನ್ನೋಣ ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಅಜ್ಜಿ ಬಾಗಿಲ ಕಡೆ ತಿರುಗಿ "ಸಿಕ್ತೇನು?" ಎಂದಾಗ ಆಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಸಾವಿನ ಸೀರೆಯ ಮಾತು ಬಂದಾಗ ಅವ್ವ ಕಿವಿ ಮುಚ್ಚಿಕೊಂಡಳು, ಅಪ್ಪ ಎದ್ದು ಹೊರಗೆ ಹೋದ. ಅಜ್ಜಿ ಮಾತ್ರ ರೆಪ್ಪೆ ಬಡಿಯದೆ ಕೇಳಿದಳು.

"ಬಾಗಲಾ ನಮ್ಮವ್ವ ಹಾಕ್ಕೊಂಡಿಲ್ಲೇನು?"

"ಇಲ್ಲವ್ವ. ನಿಮ್ಮಪ್ಪ ಹಾಕಿದ್ದು."

"ಒಳಗ ಅತ್ಳೇನು?"

"ಅತ್ಳಂತ. ನಿನ್ನ ಹೆಸರು ಹಿಡಿದು."

"ಯಾ ಹೆಸರು?"

ಹೇಳಿದೆ. ಮೊದಲು ಅವಳಿಗೆ ಅದು ತನ್ನದೆಂದು ತಿಳಿಯಲಿಲ್ಲ. ತುಟಿ ಅಲ್ಲಾಡಿಸಿ ಒಂದೆರಡು ಸಲ ಅಂದು ನೋಡಿದಳು. ಆಮೇಲೆ "ಇನ್ನೊಮ್ಮೆ ಕರಿ" ಎಂದಳು. ಕರೆದೆ. "ಹೂಂ" ಎಂದು ಓಗೊಟ್ಟಳು. ಅವಳ ಕಣ್ಣಿಂದ ನೀರು ಕಿವಿಗಳೊಳಗೆ ಇಳಿಯುತ್ತಿತ್ತು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಕೇಳಬೇಕಾದವಳು ಕೇಳಿದಳು, ಅಷ್ಟು ಸಾಕು.

"ನಂದು ಬಂದದ ಬಿಡು," ಎಂದಳು. "ನಮ್ಮವ್ವ ಅವತ್ತೇ ಹಾಕ್ಯಾಳ. ಗಬ್ಬೂರದು ಬಂದ್ರ ಬರ್ಲಿ, ಅದು ಹಿರೇಕಿದು."

ಆ ವಾರವೇ ಹೋದಳು. ಬಾಗಲವಾಡಕ್ಕೆ ಟೆಂಪೋದಲ್ಲಿ ಒಯ್ದೆವು. ಗಬ್ಬೂರಿನ ಮುದುಕ ಮಾತು ತಪ್ಪಲಿಲ್ಲ. ಮಕ್ಕಳನ್ನು ಕರೆದುಕೊಂಡು ಹಸಿರು ಸೀರೆ ಹಿಡಿದು ಬಂದ. ತಾನು ಮುಖ ಕೂಡ ನೆನಪಿಡಲಾಗದಷ್ಟು ಚಿಕ್ಕವನಿದ್ದಾಗ ಸತ್ತ ಅಕ್ಕನಿಗಾಗಿ "ಯಕ್ಕಾ" ಎಂದು ಎದೆ ಬಡಿದುಕೊಂಡು ಅತ್ತ. ಸೀರೆ ಹೊದಿಸಿ, ಕೊರಳಿನ ತಗಡು ಬಿಚ್ಚಿ ತನ್ನ ಟವೆಲಿನ ತುದಿಗೆ ಕಟ್ಟಿಕೊಂಡ. ದಾರ ಇದ್ದಲ್ಲಿ ಕೊರಳ ಸುತ್ತ ಬಿಳಿಯ ಗೆರೆ ಉಳಿದಿತ್ತು.

ಕೇರಿಯ ಹೆಂಗಸರು ಹೆಣದ ಸುತ್ತ ಕೂತು, ಗಬ್ಬೂರಾಕಿ ಹಿಂಗ ಬಾಳಿದಳು, ಗಬ್ಬೂರಾಕಿ ಹಂಗ ಬಾಳಿದಳು ಎಂದು ಹಾಡಿಕೊಂಡು ಅಳುತ್ತಿದ್ದರು. ಕೇಳಿ ಕೇಳಿ ನನಗೆ ತಡೆಯಲಾಗಲಿಲ್ಲ. ಅವಳ ಕಾಲ ಮೇಲೆ ಬಿದ್ದು ಅವಳ ಹೆಸರು ಹಿಡಿದು ಕೂಗಿದೆ. ಮತ್ತೆ ಕೂಗಿದೆ. ಸುತ್ತಲಿನ ಅಳು ನಿಂತುಹೋಯಿತು. ಪಕ್ಕದಲ್ಲಿದ್ದ ಕೇರಿಯ ಮುದುಕಿಯೊಬ್ಬಳು ನನ್ನನ್ನು ಎದೆಗೆಳೆದುಕೊಂಡು, ಮಗುವಿನ ಬಾಯಿ ಮುಚ್ಚಿದ ಹಾಗೆ ನನ್ನ ಬಾಯಿಗೆ ಸೆರಗು ಒತ್ತಿದಳು.

"ಯಾರ ಹೆಸರು ಹಿಡಿದು ಅಳಾಕತ್ತೀಯವ್ವ?" ಎಂದಳು. "ಇಲ್ಲಿ ಸತ್ತಾಕಿ ಗಬ್ಬೂರಾಕಿ."